ಲ್ಯಾಟಿನೊ ನೆರೆಯವರು ಗಡಿ ಬಿಗಿಯಾಗಲಿ ಎನ್ನುವುದೇಕೆ?

ಪ್ರಶ್ನೆ: ನಾವು ಹ್ಯೂಸ್ಟನ್ ಪಕ್ಕದ ಶುಗರ್ ಲ್ಯಾಂಡ್‌ನಲ್ಲಿ ನೆಲೆಸಿರುವ ಕನ್ನಡಿಗರು. ಬಹಳ ವರ್ಷ ಕಾದು ಈಚೆಗಷ್ಟೇ ಗ್ರೀನ್ ಕಾರ್ಡ್ ಪಡೆದೆವು. ನಮ್ಮ ಕನ್ನಡ ಕೂಟದ ಕೆಲವರು ಮತ್ತು ಹತ್ತಿರದ ಚರ್ಚ್‌ನ ಸ್ವಯಂಸೇವಕರು ಸೇರಿ ವಲಸಿಗರಿಗಾಗಿ ಕಾನೂನು ಮಾಹಿತಿ ಶಿಬಿರ ನಡೆಸಬೇಕೆಂದಿದ್ದೇವೆ. ಅದರೊಂದಿಗೆ ಗಡೀಪಾರು ಕ್ರಮಗಳನ್ನು ವಿರೋಧಿಸುವ ಒಂದು ಹೇಳಿಕೆಯನ್ನೂ ಬರೆದೆ. ‘ವಲಸಿಗರಾದ ನಾವೆಲ್ಲರೂ’ ಎಂದು ಅದು ಶುರುವಾಗುತ್ತದೆ. ಸಹಿಗಾಗಿ ಪಕ್ಕದ ಮನೆಯ ಹಿರಿಯರ ಬಳಿ ಒಯ್ದೆ. ಅವರು ಮೆಕ್ಸಿಕನ್ ಮೂಲದವರು, ಸೇನೆಯಲ್ಲಿ ಇದ್ದವರು, ನಮ್ಮ ಮಕ್ಕಳಿಗೆ ಅಜ್ಜನಂತೆ. ಓದಿ ಸಿಟ್ಟಾದರು. ‘ನಾನು ವಲಸಿಗನಲ್ಲ, ನನ್ನ ಮುತ್ತಜ್ಜನೂ ಟೆಕ್ಸಾಸ್‌ನವನೇ. ಗಡಿ ಬಿಗಿಯಾಗಲಿ ಎಂದೇ ಮತ ಹಾಕಿದ್ದೇನೆ’ ಎಂದರು. ಕಚೇರಿಯ ವೆನೆಜುವೆಲಾ ಮೂಲದ ಗೆಳತಿಯೂ 2024ರಲ್ಲಿ ಹಾಗೆಯೇ ಮತ ಹಾಕಿದವಳು. ಈಗ ತಮ್ಮನ ಕೆಲಸದ ಪರವಾನಗಿ ಹೋಗಿ ಕಂಗಾಲಾಗಿದ್ದಾಳೆ. ಎಲ್ ಸಾಲ್ವಡಾರ್ ಮೂಲದ ಪಾದ್ರಿಯೊಬ್ಬರು ಮಾತ್ರ ತಡಮಾಡದೆ ಸಹಿ ಹಾಕಿದರು. ತಮ್ಮವರ ವಿರುದ್ಧವೇ ಇವರು ನಿಲ್ಲುವುದೇಕೆ? ನಾನು ಮಾಡಿದ್ದು ತಪ್ಪೇ? ಶಿಬಿರವನ್ನು ಕೈಬಿಡಬೇಕೇ?

ಉತ್ತರ: ನೆರೆಮನೆಯ ಹಿರಿಯರು ತಮ್ಮವರ ವಿರುದ್ಧ ನಿಂತಿದ್ದಾರೆ ಎಂಬುದು ನಿಮ್ಮ ಕೊರಗು. ಆದರೆ ಅವರ ‘ತಮ್ಮವರು’ ಯಾರೆಂದು ಗೊತ್ತುಮಾಡಿದವರು ಅವರಲ್ಲ, ನೀವು. ಹೇಳಿಕೆಯ ಮೊದಲ ಸಾಲಿನಲ್ಲೇ ಅವರನ್ನು ವಲಸಿಗರ ಸಾಲಿಗೆ ಸೇರಿಸಿ, ಆಮೇಲೆ ಸಹಿ ಕೇಳಿದಿರಿ. ಅವರ ಸಿಟ್ಟು ಆ ಸಾಲಿನ ಮೇಲೆ. ಗಡೀಪಾರಿನ ಬಗ್ಗೆ ಅವರು ಏನೆನ್ನುತ್ತಾರೆ ಎಂಬುದು ನಿಮಗೆ ಇನ್ನೂ ಗೊತ್ತಿಲ್ಲ.

ಲ್ಯಾಟಿನೊ ಮತದಾರರ, ಅಂದರೆ ಲ್ಯಾಟಿನ್ ಅಮೆರಿಕ ಮೂಲದ ಮತದಾರರ, ಸಮೀಕ್ಷೆಗಳಲ್ಲಿ ಕೆಲಸ ಮಾಡಿದವರಿಗೆಲ್ಲ ಪರಿಚಿತವಾದ ಒಂದು ಸಂಗತಿಯಿದೆ. ಗಡಿಗೆ ಇನ್ನಷ್ಟು ಕಾವಲು ಬೇಕೇ ಎಂದರೆ ಹೌದು ಎನ್ನುವ ವ್ಯಕ್ತಿಯೇ, ಇಪ್ಪತ್ತು ವರ್ಷಗಳಿಂದ ಇಲ್ಲಿ ದುಡಿಯುತ್ತಿರುವ ದಾಖಲೆರಹಿತರಿಗೆ ಪೌರತ್ವದ ದಾರಿ ಕೊಡಬೇಕೇ ಎಂದಾಗಲೂ ಹೌದು ಎನ್ನುತ್ತಾನೆ. ಎರಡು ಉತ್ತರಗಳ ನಡುವೆ ಅವನಿಗೆ ವಿರೋಧ ಕಾಣುವುದಿಲ್ಲ. ವಿರೋಧ ಕಾಣುವುದು ಪರ ಮತ್ತು ವಿರೋಧ ಎಂದು ಎರಡೇ ಪೆಟ್ಟಿಗೆ ಇಟ್ಟುಕೊಂಡು ಕುಳಿತ ನಮಗೆ.

ಮೊದಲು ಕೆಲವು ತಪ್ಪು ತಿಳಿವಳಿಕೆಗಳನ್ನು ಪಕ್ಕಕ್ಕಿಡೋಣ. ಲ್ಯಾಟಿನೊ ಎಂದರೆ ವಲಸಿಗ ಎಂಬುದು ಒಂದು. ಅಮೆರಿಕದಲ್ಲಿ ಲ್ಯಾಟಿನೊ ಜನಸಂಖ್ಯೆ ಆರೂವರೆ ಕೋಟಿ ದಾಟಿದೆ. ಅವರಲ್ಲಿ ಮೂವರಿಗೆ ಇಬ್ಬರು ಆ ನೆಲದಲ್ಲೇ ಹುಟ್ಟಿದವರು. ಐವರಲ್ಲಿ ನಾಲ್ವರು ಆ ದೇಶದ ಪೌರರು. ವಲಸೆಯೇ ಅವರ ಮೊದಲ ಚಿಂತೆ ಎಂಬುದು ಇನ್ನೊಂದು. ಕೆಲಸ, ಬೆಲೆ, ಆಸ್ಪತ್ರೆಯ ಬಿಲ್ಲುಗಳೇ ಸಮೀಕ್ಷೆಗಳಲ್ಲಿ ಸಾಮಾನ್ಯವಾಗಿ ಮೇಲಿರುತ್ತವೆ. ಮೂರನೆಯದು, ಗಡಿ ಬಿಗಿಯಾಗಲಿ ಎನ್ನುವ ಲ್ಯಾಟಿನೊ ತನ್ನ ಮೂಲವನ್ನು ಕಂಡರೆ ನಾಚುತ್ತಾನೆ ಎಂಬ ಅರೆಬೆಂದ ಮನಶ್ಶಾಸ್ತ್ರ. ಹಾಗೆ ನಾಚುವವರು ಎಲ್ಲ ಸಮುದಾಯಗಳಲ್ಲೂ ಕೆಲವರಿರುತ್ತಾರೆ, ನಮ್ಮಲ್ಲೂ ಇದ್ದಾರೆ. ಆದರೆ ಕೋಟ್ಯಂತರ ಜನರ ಅಭಿಪ್ರಾಯವನ್ನು ಅದರಿಂದ ವಿವರಿಸಲಾಗದು.

ಇನ್ನು ‘ಲ್ಯಾಟಿನೊ’ ಎಂಬ ಗುಂಪಿನ ಹುಟ್ಟು. ಸ್ಪ್ಯಾನಿಷ್ ಮೂಲದವರ ಅಂಕಿಅಂಶ ಸಂಗ್ರಹಿಸಬೇಕೆಂದು ಅಮೆರಿಕ ಸಂಸತ್ತು ಕಾನೂನು ಮಾಡಿದ್ದು 1976ರಲ್ಲಿ. ಎಲ್ಲ ಮನೆಗಳಿಗೂ ಆ ಪ್ರಶ್ನೆಯನ್ನು ಹೊತ್ತು ಹೋದದ್ದು 1980ರ ಜನಗಣತಿ. ಅಲ್ಲಿಯವರೆಗೆ ಟೆಕ್ಸಾಸ್‌ನಲ್ಲಿ ಮೆಕ್ಸಿಕನ್ನರಿದ್ದರು, ನ್ಯೂಯಾರ್ಕ್‌ನಲ್ಲಿ ಪೋರ್ಟೊರಿಕೊದವರಿದ್ದರು, ಮಯಾಮಿಯಲ್ಲಿ ಕ್ಯೂಬನ್ನರಿದ್ದರು. ಒಬ್ಬರಿಗೊಬ್ಬರು ಅಷ್ಟಾಗಿ ಪರಿಚಯವಿಲ್ಲದ ಜನ. ಈಗಲೂ ನೀವು ಯಾರೆಂದು ಕೇಳಿದರೆ ‘ಮೆಕ್ಸಿಕನ್’, ‘ಡೊಮಿನಿಕನ್’ ಎಂದು ಕುಟುಂಬದ ಮೂಲ ದೇಶವನ್ನು ಹೇಳುವವರೇ ಹೆಚ್ಚು. ಬೀದರಿನವರು, ಮಡಿಕೇರಿಯವರು, ಕಾಸರಗೋಡಿನವರು ಡಲ್ಲಾಸ್‌ನ ಕನ್ನಡ ಕೂಟದಲ್ಲಿ ಮೊದಲ ಬಾರಿ ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕೂರುತ್ತಾರಲ್ಲ, ಅಂಥ ಒಗ್ಗಟ್ಟು ಅದು. ಸುಳ್ಳಲ್ಲ, ಆದರೆ ಊರು ಬಿಟ್ಟ ಮೇಲೆ ಹುಟ್ಟಿದ್ದು.

ವಲಸೆ ನೀತಿಯ ಬಗ್ಗೆ ಒಂದೊಂದು ಗುಂಪಿನ ಮನಸ್ಸು ಒಂದೊಂದು ರೀತಿ ಇರುವುದಕ್ಕೆ ಸಂಸ್ಕೃತಿಗಿಂತ ದೊಡ್ಡ ಕಾರಣ, ಅಮೆರಿಕದ ಕಾನೂನು ಅವರನ್ನು ಯಾವ ಬಾಗಿಲಿನಿಂದ ಒಳಗೆ ಬಿಟ್ಟಿತು ಎಂಬುದು. ಇದೊಂದನ್ನು ಬಿಡಿಸಿ ನೋಡಿದರೆ ನಿಮ್ಮ ಮೂವರು ಪರಿಚಿತರೂ ಅರ್ಧ ಅರ್ಥವಾಗುತ್ತಾರೆ.

ಪೋರ್ಟೊರಿಕೊದವರು 1917ರ ಕಾನೂನಿನಿಂದಲೇ ಅಮೆರಿಕದ ಪೌರರು. ಸ್ಯಾನ್ ಹುವಾನ್‌ನಿಂದ ಒರ್ಲಾಂಡೊಗೆ ಹೋಗಲು ಅವರಿಗೆ ವೀಸಾ ಬೇಡ, ಪಾಸ್‌ಪೋರ್ಟ್ ಬೇಡ. ವಲಸೆ ಕಾನೂನು ಅವರ ಮನೆಬಾಗಿಲಿಗೆ ಬರುವುದೇ ಇಲ್ಲ. ಬರುವುದು ಬೇರೆಯವರು ಅವರನ್ನು ವಲಸಿಗರೆಂದು ತಪ್ಪಾಗಿ ತಿಳಿದಾಗ ಮಾತ್ರ.

ಕ್ಯೂಬನ್ನರದು ಇನ್ನೊಂದು ಕಥೆ. 1966ರ ವಿಶೇಷ ಕಾನೂನಿನ ಪ್ರಕಾರ, ಅಧಿಕೃತವಾಗಿ ಒಳಗೆ ಬಿಡಲ್ಪಟ್ಟ ಕ್ಯೂಬನ್ ಒಂದು ವರ್ಷ ಒಂದು ದಿನ ಕಳೆದರೆ ಗ್ರೀನ್ ಕಾರ್ಡ್‌ಗೆ ಅರ್ಜಿ ಹಾಕಬಹುದು. ಬೇರೆ ಯಾವ ದೇಶದವರಿಗೂ ಅಷ್ಟು ಅಗಲವಾದ ಬಾಗಿಲು ದೀರ್ಘಕಾಲ ತೆರೆದಿರಲಿಲ್ಲ. ಹಾಗಾಗಿ ಹಳೆಯ ತಲೆಮಾರಿನ ಕ್ಯೂಬನ್ನರಿಗೆ ‘ನಾವು ಕಮ್ಯುನಿಸಂನಿಂದ ಓಡಿಬಂದ ನಿರಾಶ್ರಿತರು, ಅವರು ಕೂಲಿಗಾಗಿ ಬಂದವರು’ ಎಂಬ ಗೆರೆ ಎಳೆಯುವುದು ಸುಲಭವಾಯಿತು. 1980ರಲ್ಲಿ ಮರಿಯೆಲ್ ಬಂದರಿನಿಂದ ಸುಮಾರು 1,25,000 ಮಂದಿ ದೋಣಿಗಳಲ್ಲಿ ಬಂದಾಗ, ಮೊದಲು ಬಂದ ಕ್ಯೂಬನ್ನರಲ್ಲೇ ಹಲವರು ಅವರನ್ನು ಕಂಡು ಮೂಗು ಮುರಿದರು ಎಂಬುದು ಮಯಾಮಿಯ ಹಳಬರಿಗೆಲ್ಲ ನೆನಪಿದೆ. ಈಗ ಬಾಗಿಲು ಕಿರಿದಾಗಿದೆ. ಈಚಿನ ವರ್ಷಗಳಲ್ಲಿ ಗಡಿಯಲ್ಲಿ ಐ-220ಎ ಎಂಬ ನಮೂನೆ ಕೊಟ್ಟು ಒಳಬಿಟ್ಟ ಸಾವಿರಾರು ಕ್ಯೂಬನ್ನರಿಗೆ, ಅದು ಅಧಿಕೃತ ಪ್ರವೇಶವಲ್ಲ ಎಂಬ ಕಾರಣಕ್ಕೆ ಆ ಹಳೆಯ ಕಾನೂನಿನ ಲಾಭ ಸಿಗದಾಗಿದೆ. ಮಯಾಮಿಯ ಮಾತಿನ ಧಾಟಿಯೂ ಅದರೊಂದಿಗೆ ಬದಲಾಗುತ್ತಿದೆ.

ನಿಮ್ಮ ಪಾದ್ರಿಯವರ ದೇಶಕ್ಕೆ ಬನ್ನಿ. ಎಲ್ ಸಾಲ್ವಡಾರ್‌ನಲ್ಲಿ ಅಂತರ್ಯುದ್ಧ ನಡೆಯುತ್ತಿದ್ದಾಗ ಅಲ್ಲಿಯ ಸರ್ಕಾರದ ಬೆನ್ನಿಗೆ ಅಮೆರಿಕ ನಿಂತಿತ್ತು. ಅಲ್ಲಿಂದ ಓಡಿಬಂದವರನ್ನು ನಿರಾಶ್ರಿತರೆಂದು ಒಪ್ಪಿದರೆ ಆ ಸರ್ಕಾರದ ಕ್ರೌರ್ಯವನ್ನೂ ಒಪ್ಪಿದಂತಾಗುತ್ತಿತ್ತು. 1984ರಲ್ಲಿ ಸಾಲ್ವಡಾರ್‌ನವರ ಆಶ್ರಯ ಅರ್ಜಿಗಳಲ್ಲಿ ಮಂಜೂರಾದದ್ದು ನೂರಕ್ಕೆ ಮೂರಕ್ಕಿಂತ ಕಡಿಮೆ. ಆಗ ಅವರನ್ನು ಬಚ್ಚಿಟ್ಟು ಕಾಪಾಡಿದ್ದು ಅರಿಜೋನಾದ ಟೂಸಾನ್‌ನಲ್ಲಿ 1982ರಲ್ಲಿ ಆರಂಭವಾದ ಚರ್ಚ್‌ಗಳ ಚಳವಳಿ. ಚರ್ಚ್‌ಗಳು ಸರ್ಕಾರದ ಮೇಲೆ ಮೊಕದ್ದಮೆ ಹೂಡಿ, 1991ರ ರಾಜಿಯಲ್ಲಿ ಸಾಲ್ವಡಾರ್ ಮತ್ತು ಗ್ವಾಟೆಮಾಲಾದವರ ಅರ್ಜಿಗಳನ್ನು ಮರುಪರಿಶೀಲಿಸುವಂತೆ ಮಾಡಿದವು. ಅಲ್ಲಿಂದ ಬಂದ ಪಾದ್ರಿಯೊಬ್ಬರು ನಿಮ್ಮ ಹೇಳಿಕೆಗೆ ತಡಮಾಡದೆ ಸಹಿ ಹಾಕಿದ್ದು ನನಗೆ ಆಶ್ಚರ್ಯ ತರಲಿಲ್ಲ.

ಮೆಕ್ಸಿಕನ್ನರ ಇತಿಹಾಸವೇ ಎಲ್ಲಕ್ಕಿಂತ ಗೋಜಲಿನದು. 1848ರ ಗ್ವಾಡಲೂಪೆ ಹಿಡಾಲ್ಗೊ ಒಪ್ಪಂದದಿಂದ ಮೆಕ್ಸಿಕೊದ ಅರ್ಧದಷ್ಟು ನೆಲ ಅಮೆರಿಕದ ಪಾಲಾಯಿತು. ರಿಯೊ ಗ್ರಾಂಡೆ ನದಿ ಟೆಕ್ಸಾಸ್‌ನ ಗಡಿಯಾಯಿತು. ಆ ನದಿಯ ಈಚೆ ದಡದಲ್ಲಿ ಉಳಿದವರು ಎಲ್ಲಿಗೂ ವಲಸೆ ಹೋಗಲಿಲ್ಲ. ‘ನಾವು ಗಡಿ ದಾಟಲಿಲ್ಲ, ಗಡಿಯೇ ನಮ್ಮನ್ನು ದಾಟಿತು’ ಎಂದು ಅವರ ವಂಶಸ್ಥರು ಹೇಳುತ್ತಾರೆ. ನಿಮ್ಮ ನೆರೆಯವರು ಸಿಟ್ಟಿನಲ್ಲಿ ಹೇಳಿದ್ದೂ ಇದನ್ನೇ. ಅದು ಜಂಭವಲ್ಲ, ಬಹುಶಃ ನಿಜವಾದ ವಂಶಾವಳಿ. ಆಮೇಲೆ ಬಂದವರಲ್ಲಿ 1942ರಿಂದ 1964ರವರೆಗೆ ನಡೆದ ಬ್ರಸೆರೊ ಯೋಜನೆಯ ಗುತ್ತಿಗೆ ಕೂಲಿಗಳಿದ್ದಾರೆ, 1986ರಲ್ಲಿ ಅಧ್ಯಕ್ಷ ರೇಗನ್ ಸಹಿ ಹಾಕಿದ ಕಾನೂನಿನಿಂದ ಸಕ್ರಮವಾದ ಸುಮಾರು 27 ಲಕ್ಷ ಜನರಲ್ಲಿ ಬಹುಪಾಲು ಇದ್ದಾರೆ, ಅದಾದ ಮೇಲೆ ಬಂದು ಮೂವತ್ತು ವರ್ಷವಾದರೂ ಕಾಗದವಿಲ್ಲದವರೂ ಇದ್ದಾರೆ. ಒಂದೇ ಮನೆಯಲ್ಲಿ ಈ ಎಲ್ಲರೂ ಇರುವುದುಂಟು. ದಾಖಲೆರಹಿತ ತಂದೆಯೋ ತಾಯಿಯೋ ಇರುವ, ಅಮೆರಿಕದಲ್ಲೇ ಹುಟ್ಟಿದ ಮಕ್ಕಳ ಸಂಖ್ಯೆ ನಲವತ್ತು ಲಕ್ಷಕ್ಕೂ ಹೆಚ್ಚು. ಅಂಥ ಮನೆಯವರಿಗೆ ಗಡೀಪಾರು ಎಂಬುದು ನೀತಿಯ ಚರ್ಚೆಯಲ್ಲ, ರಾತ್ರಿ ಊಟಕ್ಕೆ ಅಪ್ಪ ಬರುತ್ತಾನೋ ಇಲ್ಲವೋ ಎಂಬ ಪ್ರಶ್ನೆ.

ಬಾಗಿಲಿನ ಇತಿಹಾಸದ ಮೇಲೆ ಎರಡು ಗುರುತುಗಳು ಕೆಲಸ ಮಾಡುತ್ತವೆ. ನಾನು ಈ ದೇಶದವನು ಎಂಬುದು ಒಂದು, ನಾನು ಈ ಜನದವನು ಎಂಬುದು ಇನ್ನೊಂದು. ಒಂದು ಹೆಚ್ಚಾದರೆ ಇನ್ನೊಂದು ಕಡಿಮೆಯಾಗಲೇಬೇಕೆಂಬ ನಿಯಮವಿಲ್ಲ. ಆದರೆ ಯಾವುದು ಯಾವಾಗ ಮುಂದೆ ಬರುತ್ತದೆ ಎಂಬುದನ್ನು ನೋಡಬೇಕು.

ದೇಶದ ಗುರುತು ಟೆಕ್ಸಾಸ್‌ನ ಮೆಕ್ಸಿಕನ್ನರಿಗೆ ಪುಕ್ಕಟೆಯಾಗಿ ಸಿಕ್ಕಿದ್ದಲ್ಲ. ಅವರನ್ನು ಬೇರೆ ಶಾಲೆಯಲ್ಲಿ ಕೂರಿಸಿದರು, ಹೋಟೆಲಿನ ಬಾಗಿಲಲ್ಲೇ ತಡೆದರು. 1930ರ ದಶಕದ ಆರ್ಥಿಕ ಕುಸಿತದಲ್ಲಿ ಲಕ್ಷಾಂತರ ಮೆಕ್ಸಿಕನ್ ಮೂಲದವರನ್ನು ರೈಲು ಹತ್ತಿಸಿ ಕಳುಹಿಸಿದಾಗ, ಅವರೊಳಗೆ ಅಮೆರಿಕದಲ್ಲೇ ಹುಟ್ಟಿದ ಪೌರರೂ ಬಹಳ ಇದ್ದರು. ಇಂಥ ಕಾಲದಲ್ಲಿ ‘ನಾವು ಅಮೆರಿಕನ್ನರು’ ಎಂದು ಸಾಬೀತು ಮಾಡುವುದೇ ಬದುಕಿನ ದಾರಿಯಾಗಿತ್ತು. 1929ರಲ್ಲಿ ಕಾರ್ಪಸ್ ಕ್ರಿಸ್ಟಿಯಲ್ಲಿ ಹುಟ್ಟಿದ ಲುಲಾಕ್ ಎಂಬ ಸಂಘ ಪೌರರಿಗೆ ಮಾತ್ರ ಸದಸ್ಯತ್ವ ಕೊಟ್ಟಿತು, ಇಂಗ್ಲಿಷನ್ನೇ ಅಧಿಕೃತ ಭಾಷೆ ಮಾಡಿಕೊಂಡಿತು. ಎರಡನೇ ಮಹಾಯುದ್ಧದಲ್ಲಿ ಸತ್ತ ಫೆಲಿಕ್ಸ್ ಲೊಂಗೋರಿಯಾ ಎಂಬ ಸೈನಿಕನ ದೇಹ 1949ರಲ್ಲಿ ಟೆಕ್ಸಾಸ್‌ನ ತ್ರೀ ರಿವರ್ಸ್ ಎಂಬ ಊರಿಗೆ ಬರುವುದಿತ್ತು. ಅಂತಿಮ ದರ್ಶನಕ್ಕೆ ಶವಸಂಸ್ಕಾರ ಗೃಹದವರು ಪ್ರಾರ್ಥನಾ ಕೋಣೆ ಕೊಡಲಿಲ್ಲ, ಬಿಳಿಯರು ಒಪ್ಪುವುದಿಲ್ಲವೆಂದು. ಡಾಕ್ಟರ್ ಹೆಕ್ಟರ್ ಗಾರ್ಸಿಯಾ ಹಿಂದಿನ ವರ್ಷವಷ್ಟೇ ಕಟ್ಟಿದ್ದ ಮಾಜಿ ಸೈನಿಕರ ಸಂಘ ಹೋರಾಡಿತು. ಸೆನೆಟರ್ ಲಿಂಡನ್ ಜಾನ್ಸನ್ ನೆರವಿನಿಂದ ಆ ಸೈನಿಕನಿಗೆ ಆರ್ಲಿಂಗ್ಟನ್‌ನ ರಾಷ್ಟ್ರೀಯ ಸೈನಿಕ ಸ್ಮಶಾನದಲ್ಲಿ ಸಮಾಧಿ ದೊರಕಿತು. ನಿಮ್ಮ ನೆರೆಯವರು ಸೇನೆಯಲ್ಲಿ ಇದ್ದವರು ಎಂದಿರಿ. ಟೆಕ್ಸಾಸ್‌ನ ಮೆಕ್ಸಿಕನ್ ಮನೆಗಳಲ್ಲಿ ಸಮವಸ್ತ್ರಕ್ಕೆ ಎಷ್ಟು ತೂಕವಿದೆ ಎಂಬುದು ಈ ಹಿನ್ನೆಲೆಯಿಲ್ಲದೆ ಗೊತ್ತಾಗುವುದಿಲ್ಲ.

ಇವೇ ಸಂಘಗಳು ಗಡಿ ದಾಟಿ ಬಂದ ಕೂಲಿಗಳನ್ನು ಹೊರಹಾಕಬೇಕೆಂದವು ಎಂಬುದು ಈಗಿನ ಓದುಗರಿಗೆ ಅರಗದ ಸತ್ಯ. 1954ರ ಸಾಮೂಹಿಕ ಗಡೀಪಾರು ಕಾರ್ಯಾಚರಣೆಗೆ ಮೊದಮೊದಲು ಅವುಗಳ ಬೆಂಬಲವಿತ್ತು. ಕ್ಯಾಲಿಫೋರ್ನಿಯಾದ ಕೃಷಿ ಕಾರ್ಮಿಕರ ನಾಯಕ ಸೀಸರ್ ಚಾವೆಜ್ ಅವರ ಸಂಘ 1974ರಲ್ಲಿ ದಾಖಲೆರಹಿತರ ವಿರುದ್ಧವೇ ಆಂದೋಲನ ನಡೆಸಿತು; ಅರಿಜೋನಾದ ಗಡಿಯಲ್ಲಿ ಸಂಘದವರು ಕಾವಲು ಕೂಡ ನಿಂತರು. ಕಾರಣ ಸರಳ. ತೋಟದ ಮಾಲೀಕರು ಮುಷ್ಕರ ಮುರಿಯಲು ಗಡಿಯಾಚೆಯಿಂದ ಜನರನ್ನು ತರುತ್ತಿದ್ದರು. ಒಂದೇ ಭಾಷೆ, ಒಂದೇ ಜಪಮಾಲೆ, ಆದರೆ ಕೂಲಿಯ ದರದಲ್ಲಿ ಎದುರಾಳಿಗಳು. ಮುಂದೆ ಈ ಎಲ್ಲ ಸಂಘಗಳೂ ನಿಲುವು ಬದಲಿಸಿ ಸಕ್ರಮೀಕರಣದ ಪರವಾದವು. ಆ ಹಳೆಯ ನಿಲುವಿನವರನ್ನು ದ್ರೋಹಿಗಳೆಂದು ಕರೆಯಲು ನನಗೆ ಮನಸ್ಸಿಲ್ಲ. ಕೆಳಗಿನ ಮೆಟ್ಟಿಲಲ್ಲಿ ನಿಂತವನಿಗೆ ಮೊದಲ ಪೈಪೋಟಿ ಎದುರಾಗುವುದು ಪಕ್ಕದವನಿಂದಲೇ.

ಜನದ ಗುರುತು ಮುಂದೆ ಬರುವುದು ಸಾಮಾನ್ಯವಾಗಿ ಹೊರಗಿನ ಏಟಿನಿಂದ. 1994ರಲ್ಲಿ ಕ್ಯಾಲಿಫೋರ್ನಿಯಾದ 187ನೇ ಪ್ರಸ್ತಾವ, ದಾಖಲೆರಹಿತರಿಗೆ ಸರ್ಕಾರಿ ಶಾಲೆ, ತುರ್ತಲ್ಲದ ವೈದ್ಯಕೀಯ ಸೇವೆ ನಿಲ್ಲಿಸಬೇಕೆಂದಿತು. ಸುಮಾರು ಶೇ 59 ಮತಗಳಿಂದ ಅದು ಗೆದ್ದಿತು, ಆಮೇಲೆ ನ್ಯಾಯಾಲಯ ತಡೆಯಿತು. ಲ್ಯಾಟಿನೊ ಮತದಾರರಲ್ಲಿಯೂ ಸರಿಸುಮಾರು ನಾಲ್ಕನೇ ಒಂದು ಭಾಗ ಅದನ್ನು ಬೆಂಬಲಿಸಿತ್ತು. ಆದರೆ ಪ್ರಚಾರದ ಬಿಸಿಯಲ್ಲಿ ಗವರ್ನರ್ ಪೀಟ್ ವಿಲ್ಸನ್ ಪರದವರ ಜಾಹೀರಾತುಗಳು ಗಡಿ ದಾಟಿ ಓಡುವವರನ್ನು ತೋರಿಸಿದಾಗ, ಪೌರರಾದ ಮೆಕ್ಸಿಕನ್ನರಿಗೂ ಇದು ತಮ್ಮ ಮುಖದ ಮೇಲೆ ಬಿದ್ದ ಏಟು ಅನ್ನಿಸಿತು. ಮುಂದಿನ ವರ್ಷಗಳಲ್ಲಿ ಆ ರಾಜ್ಯದಲ್ಲಿ ಗ್ರೀನ್ ಕಾರ್ಡ್ ಇಟ್ಟುಕೊಂಡು ಸುಮ್ಮನಿದ್ದವರು ಸಾಲುಗಟ್ಟಿ ಪೌರತ್ವ ಪಡೆದು ಮತಗಟ್ಟೆಗೆ ಬಂದರು. 2006ರಲ್ಲಿ, ದಾಖಲೆಯಿಲ್ಲದೆ ಇರುವುದನ್ನೇ ಅಪರಾಧವಾಗಿಸಲು ಹೊರಟ ಮಸೂದೆಯ ವಿರುದ್ಧ ಲಕ್ಷಗಟ್ಟಲೆ ಜನ ಬೀದಿಗಿಳಿದಾಗಲೂ ನಡೆದದ್ದು ಇದೇ.

ಏಟು ತನಗೂ ಬಿದ್ದಿದೆಯೇ ಎಂದು ಒಬ್ಬ ಪೌರ ಹೇಗೆ ಅಳೆಯುತ್ತಾನೆ? ನೀತಿಯೊಂದು ವರ್ತನೆಯನ್ನು ಗುರಿ ಮಾಡುತ್ತದೋ ಮುಖವನ್ನು ಗುರಿ ಮಾಡುತ್ತದೋ ಎಂಬುದರಿಂದ. ನಿನ್ನೆ ಗಡಿ ದಾಟಿದವನನ್ನು ತಡೆಯಿರಿ ಎಂದರೆ ಅವನು ದೇಶದವನಾಗಿ ಯೋಚಿಸುತ್ತಾನೆ. ಕಾರು ತೊಳೆಯುವ ಅಂಗಡಿಯ ಮುಂದೆ ಸ್ಪ್ಯಾನಿಷ್ ಮಾತಾಡಿದವರನ್ನೆಲ್ಲ ನಿಲ್ಲಿಸಿ ಕಾಗದ ಕೇಳಿದರೆ ಜನದವನಾಗಿ ಯೋಚಿಸುತ್ತಾನೆ. ಇದಕ್ಕೆ ಕಾನೂನಿನಲ್ಲೂ ಹಳೆಯ ಬೇರಿದೆ. ಮೆಕ್ಸಿಕನ್ನನಂತೆ ಕಾಣುತ್ತಾನೆ ಎಂಬುದೊಂದೇ ಕಾರಣಕ್ಕೆ ವಾಹನ ತಡೆಯುವಂತಿಲ್ಲ, ಆದರೆ ಇತರ ಕಾರಣಗಳೊಂದಿಗೆ ಅದನ್ನೂ ಗಣಿಸಬಹುದು ಎಂದು ಸುಪ್ರೀಂ ಕೋರ್ಟ್ 1975ರಲ್ಲೇ ಹೇಳಿತ್ತು. 2025ರ ಸೆಪ್ಟೆಂಬರ್‌ನಲ್ಲಿ ಲಾಸ್ ಏಂಜಲಿಸ್‌ನಲ್ಲಿ ವಲಸೆ ಅಧಿಕಾರಿಗಳು ನಡೆಸುತ್ತಿದ್ದ ದಾಳಿಗಳ ಮೇಲೆ ಕೆಳ ನ್ಯಾಯಾಲಯ ಹಾಕಿದ್ದ ನಿರ್ಬಂಧವನ್ನು ಅದೇ ಕೋರ್ಟ್ ತಡೆಹಿಡಿದಾಗ, ನ್ಯಾಯಮೂರ್ತಿ ಕವನಾ ಪ್ರತ್ಯೇಕವಾಗಿ ಬರೆದ ಅಭಿಪ್ರಾಯದಲ್ಲಿ ಇದೇ ವಾದ ಮರಳಿ ಬಂತು. ನಾಲ್ಕು ತಲೆಮಾರಿನಿಂದ ಪೌರನಾದವನಿಗೂ ಇದು ತನ್ನ ಚರ್ಮದ ವಿಷಯ.

ಆದರೆ ಜನದ ಗುರುತು ಶಾಶ್ವತವೂ ಅಲ್ಲ. ಪ್ಯೂ ಸಂಶೋಧನಾ ಕೇಂದ್ರ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹಿಸ್ಪಾನಿಕ್, ಅಂದರೆ ಸ್ಪ್ಯಾನಿಷ್ ಮೂಲದ, ಪೂರ್ವಜರಿದ್ದ ವಯಸ್ಕರ ಪೈಕಿ ವಲಸೆ ಬಂದ ಮೊದಲ ತಲೆಮಾರಿನ ಶೇ 97 ಮಂದಿ ತಮ್ಮನ್ನು ಹಿಸ್ಪಾನಿಕ್ ಎಂದು ಕರೆದುಕೊಂಡರೆ, ನಾಲ್ಕನೆಯ ತಲೆಮಾರು ಮತ್ತು ಅನಂತರದವರಲ್ಲಿ ಅದು ಅರ್ಧಕ್ಕಿಳಿಯಿತು. ಬೇರೆ ಮೂಲದವರೊಂದಿಗೆ ಮದುವೆ, ಮರೆತ ಸ್ಪ್ಯಾನಿಷ್, ಬದಲಾದ ಬಡಾವಣೆ ಎಲ್ಲವೂ ಇದರಲ್ಲಿ ಸೇರಿವೆ.

ನಿಮ್ಮ ವೆನೆಜುವೆಲಾದ ಗೆಳತಿಯ ವಿಷಯ ಇನ್ನೂ ಸೂಕ್ಷ್ಮ. 2022ರಿಂದ ಟೆಕ್ಸಾಸ್ ಗವರ್ನರ್ ಬಸ್ಸುಗಳಲ್ಲಿ ಕಳುಹಿಸಿದ ಹೊಸಬರು ಶಿಕಾಗೊ, ನ್ಯೂಯಾರ್ಕ್ ತಲುಪಿದಾಗ, ಅವರಲ್ಲಿ ವೆನೆಜುವೆಲಾದವರೇ ಬಹಳ. ಸ್ವದೇಶಕ್ಕೆ ಮರಳುವುದು ಅಪಾಯಕರವಾದವರಿಗೆ ಕೊಡುವ ತಾತ್ಕಾಲಿಕ ರಕ್ಷಣೆಯ ಅಡಿ ಹಲವರಿಗೆ ಕೆಲಸದ ಪರವಾನಗಿಯೂ ಸಿಕ್ಕಿತು. ಶಿಕಾಗೊದಲ್ಲಿ ಇಪ್ಪತ್ತೈದು ವರ್ಷಗಳಿಂದ ತೆರಿಗೆ ಕಟ್ಟುತ್ತ ಪರವಾನಗಿಯಿಲ್ಲದೆ ದುಡಿಯುತ್ತಿದ್ದ ಮೆಕ್ಸಿಕನ್ನರು ಇದನ್ನು ಕಂಡು ಕುದಿದರು. ಅವರ ದೂರು ‘ಅವರಿಗೇಕೆ ಕೊಟ್ಟಿರಿ’ ಎಂದಷ್ಟೇ ಅಲ್ಲ, ‘ನಮಗೇಕೆ ಇಲ್ಲ’ ಎಂದು. ಇತ್ತ ಮೊದಲೇ ಬಂದು ಪೌರರಾದ ವೆನೆಜುವೆಲಾದವರಲ್ಲಿ ಹಲವರು ಆ ದೇಶದ ಆಗಿನ ಅಧ್ಯಕ್ಷ ಮದುರೊ ಮೇಲಿನ ವಿರೋಧದ ಕಾರಣಕ್ಕೆ ಟ್ರಂಪ್ ಅವರನ್ನು ನಂಬಿದ್ದರು. ಗಡೀಪಾರು ಅಪರಾಧಿಗಳಿಗೆ ಮಾತ್ರ ಎಂದುಕೊಂಡಿದ್ದರು. 2025ರಲ್ಲಿ ಸುಮಾರು ಮೂರೂವರೆ ಲಕ್ಷ ವೆನೆಜುವೆಲಾದವರ ತಾತ್ಕಾಲಿಕ ರಕ್ಷಣೆ ಹಿಂತೆಗೆದುಕೊಳ್ಳಲು ಸರ್ಕಾರ ಮುಂದಾಯಿತು, ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಅದಕ್ಕೆ ಅಡ್ಡಿ ಬರಲಿಲ್ಲ. ನಿಮ್ಮ ಗೆಳತಿಗೆ ಈಗ ‘ಮತ ಹಾಕಿದ್ದು ನೀನೇ ಅಲ್ಲವೇ’ ಎನ್ನುವವರು ಸಾಕಷ್ಟು ಜನ ಸಿಕ್ಕಿರುತ್ತಾರೆ. ದಯವಿಟ್ಟು ನೀವು ಆ ಸಾಲಿಗೆ ಸೇರಬೇಡಿ.

ಚುನಾವಣೆಯ ಅಂಕಿಗಳ ಬಗ್ಗೆ ಒಂದು ಎಚ್ಚರಿಕೆ. 2024ರಲ್ಲಿ ಟ್ರಂಪ್ ಅವರಿಗೆ ಬಿದ್ದ ಲ್ಯಾಟಿನೊ ಮತ ಒಂದು ಸಮೀಕ್ಷೆಯಲ್ಲಿ ಶೇ 43, ಇನ್ನೊಂದರಲ್ಲಿ 46, ಮತದಾರರ ದಾಖಲೆಯೊಂದಿಗೆ ತಾಳೆ ನೋಡಿದ ಮತ್ತೊಂದರಲ್ಲಿ 48. ದೇಶದ ಸಾವಿರ ಜನರ ಸಮೀಕ್ಷೆಯಲ್ಲಿ ಲ್ಯಾಟಿನೊಗಳು ನೂರೈವತ್ತು ಮಂದಿ ಇದ್ದರೆ, ಅವರ ಬಗ್ಗೆ ಹೇಳುವ ಅಂಕಿಯಲ್ಲಿ ಎಂಟು ಅಂಶ ಆಚೀಚೆ ಆಗುವ ಸಾಧ್ಯತೆ ಸಹಜ. ಸಂದರ್ಶನ ಸ್ಪ್ಯಾನಿಷ್‌ನಲ್ಲೋ ಇಂಗ್ಲಿಷ್‌ನಲ್ಲೋ ಎಂಬುದರಿಂದಲೂ ಉತ್ತರ ಸರಿಯುತ್ತದೆ. ಹಾಗೆಂದು ಬದಲಾವಣೆ ಸುಳ್ಳಲ್ಲ. ನಿಮ್ಮ ರಾಜ್ಯದ್ದೇ ಸ್ಟಾರ್ ಕೌಂಟಿಯಲ್ಲಿ ನೂರಕ್ಕೆ ತೊಂಬತ್ತೇಳರಷ್ಟು ಹಿಸ್ಪಾನಿಕ್ ಜನ. 2016ರಲ್ಲಿ ಡೆಮಾಕ್ರಾಟರ ಅಭ್ಯರ್ಥಿ ಹಿಲರಿ ಕ್ಲಿಂಟನ್ ಅಲ್ಲಿ ಸುಮಾರು ಅರವತ್ತು ಶೇಕಡಾ ಅಂಶಗಳಿಂದ ಗೆದ್ದಿದ್ದರು. 2024ರಲ್ಲಿ ಅದು ರಿಪಬ್ಲಿಕನ್ನರ ಪಾಲಾಯಿತು, 1892ರ ನಂತರ ಮೊದಲ ಬಾರಿಗೆ. ಗಡಿ ಕಾವಲು ಪಡೆಯ ಸಿಬ್ಬಂದಿಯಲ್ಲಿ ಸುಮಾರು ಅರ್ಧದಷ್ಟು ಲ್ಯಾಟಿನೊಗಳೇ ಎಂಬುದನ್ನೂ ಇದರೊಂದಿಗೆ ನೆನೆಯಿರಿ: ನದಿಯಂಚಿನ ಬಡ ಕೌಂಟಿಗಳಲ್ಲಿ ಪಿಂಚಣಿ, ಆರೋಗ್ಯ ವಿಮೆ ಇರುವ ನೌಕರಿ ಅದೇ. ಆದರೆ ಈ ವಾಲಿಕೆ ಕಲ್ಲಿನ ಗೆರೆಯಲ್ಲ. 2024ರಲ್ಲಿ ಟ್ರಂಪ್ ಗೆದ್ದಿದ್ದ, ಲ್ಯಾಟಿನೊಗಳು ದೊಡ್ಡ ಸಂಖ್ಯೆಯಲ್ಲಿರುವ ನ್ಯೂಜೆರ್ಸಿಯ ಪಸೇಯಿಕ್ ಕೌಂಟಿ ಮರುವರ್ಷದ ಗವರ್ನರ್ ಚುನಾವಣೆಯಲ್ಲಿ ಡೆಮಾಕ್ರಾಟರ ಕಡೆ ಮರಳಿತು.

‘ನಾವು ಸಾಲಿನಲ್ಲಿ ನಿಂತು ಬಂದವರು’ ಎಂಬ ಮಾತು ನಿಮ್ಮ ಶಿಬಿರದಲ್ಲಿ ಖಂಡಿತ ಬರುತ್ತದೆ, ಲ್ಯಾಟಿನೊಗಳಿಂದಲೂ, ನಮ್ಮ ಕನ್ನಡಿಗರಿಂದಲೂ. ಅದಕ್ಕೆ ಸಿದ್ಧರಾಗಿರಿ. 1965ರ ಕಾನೂನು ಬರುವವರೆಗೆ ಮೆಕ್ಸಿಕೊದಿಂದ ಬರುವವರಿಗೆ ಸಂಖ್ಯೆಯ ಮಿತಿಯೇ ಇರಲಿಲ್ಲ. ಒಂದೊಂದು ದೇಶದಿಂದ ವರ್ಷಕ್ಕೆ ಇಪ್ಪತ್ತು ಸಾವಿರ ಮಂದಿ ಎಂಬ ಮಿತಿ ಅವರಿಗೆ ಬಂದದ್ದು 1976ರಲ್ಲಿ. ಅಜ್ಜ ನಿಂತ ಸಾಲೇ ಬೇರೆ, ಮೊಮ್ಮಗನ ವಯಸ್ಸಿನ ಹೊಸಬನಿಗೆ ಇರುವ ಸಾಲೇ ಬೇರೆ. ಕಲಿಯದ ಕೂಲಿಯಾಳಿಗೆ ಈಗ ಸಾಲು ಎಂಬುದು ಇಲ್ಲವೆನ್ನುವಷ್ಟು ಕಿರಿದು. ಮೆಕ್ಸಿಕೊದ ಪೌರನನ್ನು ಅಮೆರಿಕದ ಪೌರನಾದ ಅಣ್ಣ ಕರೆಸಿಕೊಳ್ಳಬೇಕಾದರೆ ಎರಡು ದಶಕಕ್ಕೂ ಹೆಚ್ಚು ಕಾಯಬೇಕು. ವರ್ಷದ ಗ್ರೀನ್ ಕಾರ್ಡ್‌ಗಳಲ್ಲಿ ಒಂದೇ ದೇಶಕ್ಕೆ ಶೇ 7 ಎಂಬ ಮಿತಿಯಿಂದಾಗಿ ಭಾರತೀಯ ಎಂಜಿನಿಯರುಗಳು ದಶಕಗಟ್ಟಲೆ ಕಾಯುವುದೂ ಇದೇ ಯಂತ್ರದಿಂದ. ಆದರೆ ಈ ಲೆಕ್ಕ ಹೇಳಿದ ಮಾತ್ರಕ್ಕೆ ಕಾದವರ ಸಂಕಟ ಕರಗುವುದಿಲ್ಲ. ನಿಮ್ಮ ಕೂಟದಲ್ಲೇ ಹೇಳಿಕೆಗೆ ಎಷ್ಟು ಜನ ಸಹಿ ಹಾಕಿದರು ಎಂದು ನೀವು ಬರೆದಿಲ್ಲ. ನನಗೆ ಅನುಮಾನವಿದೆ.

ಈಗ ಮಾಡಬೇಕಾದ್ದು. ಹೇಳಿಕೆಯನ್ನೂ ಶಿಬಿರವನ್ನೂ ಬೇರೆ ಮಾಡಿ ಎಂಬುದು ನನ್ನ ಖಚಿತ ಸಲಹೆ. ಹೇಳಿಕೆ ಬೇಡವೆಂದಲ್ಲ, ಅದಕ್ಕೆ ಅದರ ಬೆಲೆಯಿದೆ, ಅದರ ಅಪಾಯವೂ ಇದೆ. ತೆರಿಗೆ ವಿನಾಯಿತಿ ಪಡೆದ ದತ್ತಿ ಸಂಸ್ಥೆಯಾಗಿ ನಿಮ್ಮ ಕೂಟ ನೋಂದಾಯಿತವಾಗಿದ್ದರೆ, ಯಾವುದೇ ಅಭ್ಯರ್ಥಿಯ ಪರ ಅಥವಾ ವಿರುದ್ಧ ಮಾತಾಡುವಂತಿಲ್ಲ. ನೀತಿಯ ಬಗ್ಗೆ ಮಿತಿಯೊಳಗೆ ಮಾತಾಡಬಹುದು. ವೀಸಾದಲ್ಲಿರುವ ಸದಸ್ಯರ ಮೇಲೆ ಸಹಿಗಾಗಿ ಒತ್ತಡ ಹಾಕಬೇಡಿ, ಅವರ ಹಿಂಜರಿಕೆ ಹೇಡಿತನವಲ್ಲ. ಹೇಳಿಕೆ ಬರೆಯುವುದೇ ಆದರೆ ‘ವಲಸಿಗರಾದ ನಾವೆಲ್ಲರೂ’ ಎಂಬ ಸಾಲು ತೆಗೆಯಿರಿ. ಸಹಿ ಹಾಕುವವನು ಯಾರು ಎಂದು ಹೇಳುವ ಬದಲು ಏನು ಬೇಕು ಎಂದು ಹೇಳಿ. ‘ಕಾಗದ ಕೇಳುವ ಮೊದಲು ಅಧಿಕಾರಿಗಳಿಗೆ ಮುಖದ ಬಣ್ಣಕ್ಕಿಂತ ಗಟ್ಟಿಯಾದ ಕಾರಣವಿರಲಿ’ ಎಂಬ ಒಂದೇ ಬೇಡಿಕೆಗೆ ನಿಮ್ಮ ನೆರೆಯವರೂ ಸಹಿ ಹಾಕಿದರೆ ನನಗೆ ಅಚ್ಚರಿಯಿಲ್ಲ. ಗಡೀಪಾರೇ ಬೇಡವೆಂಬುದಕ್ಕೆ ಅವರು ಹಾಕಲಾರರು. ಬೇಡಿಕೆ ಕಿರಿದಾದಷ್ಟೂ ಪಾದ್ರಿಯವರಿಗೆ ಅದು ಸಪ್ಪೆಯೆನಿಸುವ ಅಪಾಯವಿದೆ. ಅವರಿಗೆ ಮೊದಲೇ ಹೇಳಿಬಿಡಿ.

ಶಿಬಿರವನ್ನು ಬಿಡಬೇಡಿ, ಆದರೆ ಅದನ್ನು ಅಂದುಕೊಂಡಷ್ಟು ಸಲೀಸೆಂದು ಭಾವಿಸಬೇಡಿ. ಚರ್ಚ್, ದೇವಸ್ಥಾನ, ಶಾಲೆಗಳ ಬಳಿ ವಲಸೆ ಅಧಿಕಾರಿಗಳು ಬಂಧಿಸುವುದನ್ನು ಸೀಮಿತಗೊಳಿಸಿದ್ದ ಹಳೆಯ ಮಾರ್ಗಸೂಚಿ 2025ರ ಜನವರಿಯಲ್ಲಿ ರದ್ದಾಯಿತು. ಆದ್ದರಿಂದ ‘ದಾಖಲೆರಹಿತರಿಗಾಗಿ’ ಎಂದು ಭಿತ್ತಿಪತ್ರ ಅಂಟಿಸುವುದು ಅವರಿಗೇ ಕುತ್ತು. ಎಲ್ಲರಿಗೂ ಕಾನೂನು ಮಾಹಿತಿ ಎನ್ನಿ. ಬಂದವರ ಹೆಸರು, ದೇಶ, ಸ್ಥಿತಿಗತಿ ಬರೆದುಕೊಳ್ಳಬೇಡಿ. ಸಲಹೆ ಕೊಡುವವರು ವಲಸೆ ವಕೀಲರೋ ನ್ಯಾಯಾಂಗ ಇಲಾಖೆಯ ಮಾನ್ಯತೆ ಪಡೆದ ಪ್ರತಿನಿಧಿಗಳೋ ಆಗಿರಲೇಬೇಕು. ನಾವು ನೀವು ಪ್ರೀತಿಯಿಂದ ಅರ್ಜಿ ತುಂಬಿಕೊಡುವುದು ಕಾನೂನುಬಾಹಿರವಾಗಬಹುದು. ನೋಟರಿ ಮುದ್ರೆ ತೋರಿಸಿ ವಕೀಲರೆಂದು ನಂಬಿಸಿ ದುಡ್ಡು ಕೀಳುವವರು ಟೆಕ್ಸಾಸ್‌ನಲ್ಲಿ ಬಹಳ, ಅಂಥವರು ನಿಮ್ಮ ಶಿಬಿರಕ್ಕೆ ಮೇಜು ಕೇಳಿಕೊಂಡು ಬಂದಾರು.

ಪೌರತ್ವದ ಅರ್ಜಿಗೆ ಜನ ಉತ್ಸಾಹದಿಂದ ಬರುತ್ತಾರೆ. ಶುಲ್ಕ ಆನ್‌ಲೈನ್‌ನಲ್ಲಿ 710 ಡಾಲರ್, ಕಾಗದದಲ್ಲಿ 760. ಹಣಕ್ಕಿಂತ ದೊಡ್ಡ ಅಪಾಯ, ಹಳೆಯ ಬಂಧನವೋ ಮರೆತುಹೋದ ಗಡೀಪಾರು ಆದೇಶವೋ ಅರ್ಜಿಯಿಂದ ಹೊರಬೀಳುವುದು. ವಕೀಲರು ನೋಡದೆ ಯಾರೂ ಅಲ್ಲಿ ಕುಳಿತೇ ಅರ್ಜಿ ಕಳುಹಿಸದಂತೆ ನೋಡಿಕೊಳ್ಳಿ. ಇನ್ನೊಂದು, ಮತದಾರರ ನೋಂದಣಿಯ ಮೇಜನ್ನು ಅದೇ ಕೋಣೆಯಲ್ಲಿ ಹಾಕಲೇಬೇಡಿ. ಪೌರರಲ್ಲದವರು ಗೊತ್ತಿಲ್ಲದೆ ಆ ನಮೂನೆಗೆ ಸಹಿ ಹಾಕಿದರೂ, ಪೌರರೆಂದು ಸುಳ್ಳು ಹೇಳಿದ ಆರೋಪ ಬಂದು ಮುಂದೆಂದೂ ಗ್ರೀನ್ ಕಾರ್ಡ್ ಸಿಗದಂತಾಗಬಹುದು; ಇದ್ದ ಗ್ರೀನ್ ಕಾರ್ಡ್ ಕೂಡ ಹೋಗಬಹುದು. ಇದು ನಿಮಗೂ ಅನ್ವಯಿಸುತ್ತದೆ. ಒಳ್ಳೆಯ ಉದ್ದೇಶದ ಶಿಬಿರಗಳಲ್ಲೇ ಇಂಥ ಅನಾಹುತ ಆಗುವುದನ್ನು ವಕೀಲ ಮಿತ್ರರಿಂದ ಕೇಳಿದ್ದೇನೆ.

ಎರಡನ್ನೂ ಬಿಟ್ಟು ನೆರೆಹೊರೆಯ ಊಟಕ್ಕಷ್ಟೇ ಸೀಮಿತವಾಗುವ ದಾರಿಯೂ ಇದೆ. ಅದರಲ್ಲಿ ಅಪಾಯ ಕಡಿಮೆ. ಆದರೆ ಕಾಗದ ತೋರಿಸಿ ಸಲಹೆ ಕೇಳಬೇಕಾದ ವ್ಯಕ್ತಿ ಅಂಥ ಊಟಕ್ಕೆ ಬರುವುದಿಲ್ಲ, ಬಂದರೂ ಬಾಯಿಬಿಡುವುದಿಲ್ಲ. ನಿಮ್ಮಲ್ಲಿ ವಕೀಲರು ಒಪ್ಪಿಕೊಂಡಿದ್ದರೆ ಶಿಬಿರವೇ ಹೆಚ್ಚು ಉಪಯುಕ್ತ.

ನೆರೆಯವರ ಬಳಿ ಹೋಗಿ, ಅವರನ್ನು ವಲಸಿಗರೆಂದು ಬರೆದದ್ದಕ್ಕೆ ಒಂದು ಮಾತಿನಲ್ಲಿ ಕ್ಷಮೆ ಕೇಳಿ. ಜತೆಯಲ್ಲೇ ಅವರ ಮತವನ್ನು ಪ್ರಶ್ನಿಸಬೇಡಿ, ಶಿಬಿರಕ್ಕೆ ಬೆಂಬಲವನ್ನೂ ಬೇಡಬೇಡಿ. ‘ನಿಮ್ಮ ಜನ’ ಎಂಬ ಪದ ನಿಮ್ಮ ಬಾಯಿಂದ ಬರದಿರಲಿ. ಮಾತು ಮುಂದುವರಿದರೆ ನೀತಿಯನ್ನು ತುಂಡು ತುಂಡಾಗಿ ಕೇಳಿ: ಗಡಿಯ ಕಾವಲು, ಬಾಲ್ಯದಲ್ಲಿ ಬಂದ ಮಕ್ಕಳು, ಹೊಲದ ಕೂಲಿಗಳ ವೀಸಾ, ರಸ್ತೆಯಲ್ಲಿ ಕಾಗದ ಕೇಳುವುದು. ಇವುಗಳಲ್ಲಿ ಎರಡಕ್ಕೆ ನೀವಿಬ್ಬರೂ ಒಪ್ಪುವಿರಿ, ಒಂದಕ್ಕೆ ಖಂಡಿತ ಜಗಳವಾಡುವಿರಿ. ಪೌರತ್ವ ಪರೀಕ್ಷೆಗೆ ಸಿದ್ಧರಾಗುವವರಿಗೆ ಅಮೆರಿಕದ ಇತಿಹಾಸ ಹೇಳಿಕೊಡಲು ಶಿಬಿರಕ್ಕೆ ಒಬ್ಬರು ಬೇಕಾಗುತ್ತಾರೆ. ಸ್ಪ್ಯಾನಿಷ್ ಬಲ್ಲ ಮಾಜಿ ಸೈನಿಕರಿಗೆ ಆ ಕೆಲಸ ಒಪ್ಪುತ್ತದೆ. ಕೇಳಿ ನೋಡಿ, ಒಲ್ಲೆ ಎಂದರೆ ಅಲ್ಲಿಗೇ ಬಿಡಿ. ಗೆಳತಿಯ ತಮ್ಮನನ್ನು ಮಾತ್ರ ಶಿಬಿರದ ದಿನದವರೆಗೆ ಕಾಯಿಸಬೇಡಿ. ತಾತ್ಕಾಲಿಕ ರಕ್ಷಣೆ ಕೈತಪ್ಪಿದವರಿಗೆ ಆಶ್ರಯದ ಅರ್ಜಿಯಂಥ ಬೇರೆ ದಾರಿ ಉಳಿದಿರಬಹುದು, ಅದಕ್ಕೆ ಗಡುವುಗಳಿವೆ. ಈ ವಾರವೇ ಅವನು ವಕೀಲರನ್ನು ಕಾಣಲಿ.